ಪರದೆ ಸಾಹೇಬನಿಗೆ ಸುಗಲಮ್ಮನ ಬೈಗುಳ

ಸುಗಲಮ್ಮ ಬೈಯಲು ಶುರು ಮಾಡಿದಳೆಂದರೆ ಹೈದರಾಬಾದಿನ ಜೀಡಿಮೆಟ್ಲಾ ಬಸ್ಸಿನ ಕಂಡಕ್ಟರ್ ಕೂಡ ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಅವನು ಅಪ್ಪಟ ತೆಲುಗಿನವ, ಅವಳ ಕನ್ನಡ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೂ ಯಾರಿಗೆ ಬೈಯುತ್ತಿದ್ದಾಳೆ ಎನ್ನುವುದು ಅವನಿಗೂ ಗೊತ್ತಿತ್ತು, ಇಡೀ ಬಸ್ಸಿಗೂ ಗೊತ್ತಿತ್ತು. ದಿಲ್ಲಿಯಲ್ಲಿ ಕೂತು ದೇಶ ಆಳುವ ದೊಡ್ಡ ಮನುಷ್ಯನಿಗೆ. ಸುಗಲಮ್ಮ ಅವನ ಹೆಸರು ಹೇಳುವುದಿಲ್ಲ, ಪರದೆ ಸಾಹೇಬ ಅನ್ನುತ್ತಾಳೆ. ನಾನೂ ಹಾಗೇ ಅನ್ನುತ್ತೇನೆ. ಹೆಸರು ಬರೆದೆನೋ, ಓದುವವರಲ್ಲಿ ಅರ್ಧ ಜನ ಅವನ ಪರವಾಗಿ, ಇನ್ನರ್ಧ ಜನ ವಿರುದ್ಧವಾಗಿ ಜಗಳಕ್ಕೆ ನಿಂತು ಸುಗಲಮ್ಮನನ್ನು ಮರೆತೇಬಿಡುತ್ತಾರೆ.

ಅವಳು ಯಾದಗಿರಿ ಕಡೆಯವಳು. ಹದಿನೇಳು ವರ್ಷದ ಹಿಂದೆ ಗಂಡ ಹುಸೇನಪ್ಪನ ಜೊತೆ ವಾಡಿಯಲ್ಲಿ ರೈಲು ಬದಲಿಸಿ ಲಿಂಗಂಪಲ್ಲಿಯಲ್ಲಿ ಇಳಿದಳು. ಅಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತಳು. ಮೊಣಕಾಲು ಕೈಕೊಟ್ಟ ಮೇಲೆ ಜೀಡಿಮೆಟ್ಲಾದಲ್ಲಿ ಡ್ರಮ್ಮು ತೊಳೆಯುವ ಕೆಲಸಕ್ಕೆ ಸೇರಿದಳು. ಔಷಧ ಕಾರ್ಖಾನೆಗಳಲ್ಲಿ ಖಾಲಿಯಾದ ಡ್ರಮ್ಮುಗಳು ಲಾರಿಯಲ್ಲಿ ಆ ಶೆಡ್ಡಿಗೆ ಬರುತ್ತವೆ. ಅವುಗಳ ತಳದಲ್ಲಿ ಉಳಿದದ್ದು ಏನು ಅಂತ ತೊಳೆಯುವವರಿಗೆ ಯಾರೂ ಹೇಳುವುದಿಲ್ಲ. ಹೆಂಗಸರು ಡ್ರಮ್ಮನ್ನು ಅಡ್ಡ ಕೆಡವಿ, ಒಳಗೆ ತಲೆ ಹಾಕಿ, ಬ್ರಷ್ಷಿನಿಂದ ಉಜ್ಜಿ ತೊಳೆದು ಬಿಸಿಲಿಗೆ ಇಡಬೇಕು.

ನನ್ನ ಹೆಸರು ಅನುರಾಧಾ. ಬೀದರಿನವಳು. ಬಾಲಾನಗರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ನಟ್ಟು, ಬೋಲ್ಟು, ಮೋಟರು ಎಣಿಸಿ ನಿವೃತ್ತಳಾದೆ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ತೆಲುಗು, ಇಂಗ್ಲಿಷು ಬರೆಯಲು ಬರುವುದರಿಂದ ಹತ್ತಿರದ ಗುಡಿಸಲು ಬಸ್ತಿಯ ಜನ ಭಾನುವಾರ ನಮ್ಮ ಮನೆಯ ಜಗಲಿಗೆ ಬಂದು ಅರ್ಜಿ ಬರೆಸಿಕೊಳ್ಳುತ್ತಾರೆ. ರೇಷನ್ ಕಾರ್ಡಿನಲ್ಲಿ ಹುಸೇನಪ್ಪನ ಹೆಸರು ಯಾವುದೋ ಹೆಂಗಸಿನ ಹೆಸರಾಗಿ ಬಂದಿತ್ತು. ಅದನ್ನು ಸರಿ ಮಾಡಿಸಲು ಬಂದಾಗ ಸುಗಲಮ್ಮನ ಪರಿಚಯವಾಯಿತು. ಆ ತಪ್ಪನ್ನೂ ಅವಳು ಪರದೆ ಸಾಹೇಬನ ತಲೆಗೇ ಕಟ್ಟಿದಳು.

ಅವನಿಗೆ ಆ ಹೆಸರು ಬಂದದ್ದು ಹೀಗೆ. ಆರು ವರ್ಷದ ಹಿಂದೆ ಅವನು ಯಾವುದನ್ನೋ ಉದ್ಘಾಟನೆ ಮಾಡಲು ಈ ಊರಿಗೆ ಬಂದ. ಬರುವ ದಾರಿ ಸುಗಲಮ್ಮನ ಬಸ್ತಿಯ ಪಕ್ಕದ್ದೇ. ಎರಡು ದಿನ ಮೊದಲು ಬಿದಿರು ನೆಟ್ಟು, ಆಳೆತ್ತರಕ್ಕೂ ಮೀರಿ ಹಸಿರು ಬಟ್ಟೆ ಕಟ್ಟಿದರು. ಗುಡಿಸಲುಗಳು ಸಾಹೇಬನ ಕಣ್ಣಿಗೆ ಬೀಳಬಾರದಂತೆ. ಬಟ್ಟೆ ಕಟ್ಟಿದ್ದರಿಂದ ನೀರಿನ ಟ್ಯಾಂಕರ್ ಒಳಗೆ ಬರಲಿಲ್ಲ. ಎರಡು ದಿನ ಬಸ್ತಿಯವರು ಮುಸುರೆ ಪಾತ್ರೆಯಲ್ಲೇ ಉಂಡರು. ಮೂರನೆಯ ದಿನ ಸುಗಲಮ್ಮ ಬ್ಲೇಡಿನಿಂದ ಬಟ್ಟೆಗೆ ಒಂದು ತೂತು ಮಾಡಿ ಕಣ್ಣಿಟ್ಟು ನಿಂತಳು. ಅವಳಿಗೆ ಕಂಡದ್ದು ಕಪ್ಪು ಗಾಜಿನ ಕಾರುಗಳು, ಅಷ್ಟೆ.

“ನನ್ನ ಮನಿ ನೋಡಿದ್ರ ಅವನ ಕಣ್ಣಾಗ ಹುಳ ಬೀಳ್ತಿತ್ತೇನ್ರಿ ಅಕ್ಕೋರ?” ಅಂತ ಅವಳು ನನ್ನನ್ನು ಕೇಳಿದ್ದಳು. “ಓಟ್ ಹಾಕೂವಾಗ ನಾ ಕಾಣ್ತೀನಿ, ದಾರಿಯೊಳಗ ಹೊಂಟಾಗ ಕಾಣಬಾರ್ದು.”

ನಾನೂ ಅವನಿಗೆ ಬೈಯುವವಳೇ. ನಮ್ಮ ಪಾರ್ಕಿನಲ್ಲಿ ನಿವೃತ್ತರದೊಂದು ಗುಂಪಿದೆ. ಬೆಳಗ್ಗೆ ನಾಲ್ಕು ಸುತ್ತು ನಡೆದು, ಬೆಂಚಿನ ಮೇಲೆ ಕೂತು ಅವನಿಗೆ ಮನಸಾರೆ ಬೈದು, ಇಡ್ಲಿ ತಿಂದು ಮನೆಗೆ ಹೋಗುತ್ತೇವೆ. ಹೊಗಳುವ ಗುಂಪು ಎದುರು ಬೆಂಚಿನಲ್ಲಿದೆ. ಅವರೂ ಇಡ್ಲಿ ತಿಂದೇ ಮನೆಗೆ ಹೋಗುತ್ತಾರೆ. ಇದರಿಂದ ಯಾರಿಗೆ ಏನಾಯಿತು ಎಂದು ನನಗೆ ಆಗಾಗ ಅನಿಸುತ್ತಿತ್ತು. ಹಾಗಾಗಿ ಒಮ್ಮೆ ಸುಗಲಮ್ಮನನ್ನು ಕೇಳಿಯೇಬಿಟ್ಟೆ.

“ಸುಗಲಮ್ಮಾ, ಅವನಿಗೆ ನಿನ್ನ ಹೆಸರು ಸುದ್ದಾ ಗೊತ್ತಿಲ್ಲ. ದಿನಾ ಗಂಟಲ ಹರಕೊಂಡು ಬೈತಿ, ಬೈದು ಏನ್ ಬಂತು?”

“ಬೈದ್ರ ಏನೂ ಬರಂಗಿಲ್ಲ, ಖರೆ ಐತ್ರಿ,” ಅಂದಳು. “ಬೈಲಾರದ ಸುಮ್ಮ ಕುಂತ್ರ ಏನರ ಬರ್ತೈತೇನು?”

ಚಹಾ ಕೊಟ್ಟು ಕಳಿಸಿದೆ.

ಇನ್ನು ಶಿವಪ್ರಕಾಶನ ವಿಷಯ. ಶೆಡ್ಡಿಗೆ ಕೂಲಿಯವರನ್ನು ಒದಗಿಸುವ ಗುತ್ತೇದಾರ ಅವನು. ನಮ್ಮ ಕಡೆಯವನೇ, ಕನ್ನಡ ಮಾತಾಡುತ್ತಾನೆ, ವಯಸ್ಸು ನಲವತ್ತರ ಒಳಗೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಬಸ್ತಿಯ ಹೆಂಗಸರನ್ನು ಅಕ್ಕಾ, ಅವ್ವಾ ಎಂದೇ ಮಾತಾಡಿಸುತ್ತಾನೆ. ಪರದೆ ಸಾಹೇಬನ ಮೇಲೆ ಅವನಿಗೆ ಸುಗಲಮ್ಮನಿಗಿಂತ ಒಂದು ತೂಕ ಹೆಚ್ಚೇ ಸಿಟ್ಟು. ಚಹಾದ ಹೊತ್ತಿಗೆ ಶೆಡ್ಡಿಗೆ ಬಂದು, ಸಾಹೇಬನನ್ನು ಅಣಕಿಸುವ ವಿಡಿಯೋಗಳನ್ನು ಫೋನಿನಲ್ಲಿ ತೋರಿಸಿ, ಹೆಂಗಸರನ್ನೆಲ್ಲ ನಗಿಸಿ ಹೋಗುತ್ತಿದ್ದ. “ನಮ್ಮ ಗುತ್ತೇದಾರ್ರು ಭಾಳ ಛಲೋ ಮನಷ್ಯಾರ್ರಿ. ನಮ್ಮ ಹೊಟ್ಯಾಗ ಇದ್ದಿದ್ದು ಅವರ ಬಾಯಾಗ ಬರ್ತೈತಿ,” ಅಂತ ಸುಗಲಮ್ಮ ಅವನನ್ನು ಹೊಗಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಆ ಶೆಡ್ಡಿಗೆ ಕಿಟಕಿಯಿಲ್ಲ. ಹಿಂದಿನ ಗೋಡೆಯಲ್ಲಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುವ ಒಂದು ದೊಡ್ಡ ಫ್ಯಾನು ಮಾತ್ರ ಇತ್ತು. ಕಳೆದ ದಸರೆಯ ಹೊತ್ತಿಗೆ ಅದರ ಮೋಟರು ಸುಟ್ಟಿತು. ಡ್ರಮ್ಮಿನ ವಾಸನೆ ಶೆಡ್ಡಿನಲ್ಲೇ ನಿಲ್ಲತೊಡಗಿತು. ಸೆರಗನ್ನು ಮೂಗಿಗೆ ಬಿಗಿದರೂ ಕಣ್ಣು ಉರಿಯುತ್ತಿತ್ತು, ಮಧ್ಯಾಹ್ನದ ರೊಟ್ಟಿ ಬಾಯಿಗೆ ರುಚಿಸುತ್ತಿರಲಿಲ್ಲ. ಹೆಂಗಸರು ಕೇಳಿದಾಗ ಶಿವಪ್ರಕಾಶ ಹಣೆ ಬಡಿದುಕೊಂಡ.

“ನಾ ಏನ್ ಮಾಡ್ಲಿ ಅಕ್ಕಾ? ಅದರ ಮೋಟರ್ ಹೊರದೇಶದಿಂದ ಬರಬೇಕು. ನಿಮ್ಮ ಪರದೆ ಸಾಹೇಬ ಎಲ್ಲಾ ಸಾಮಾನು ಬಂದರಿನಾಗ ತಡದು ನಿಂದ್ರಿಸ್ಯಾನ. ಅವಂಗ ಬಡವರ ಉಸುರ ಬೇಕಾಗಿಲ್ಲ.”

ಅಷ್ಟು ಸಾಕಾಯಿತು. ಅರ್ಧ ಗಂಟೆ ಎಲ್ಲರೂ ಸೇರಿ ದಿಲ್ಲಿಗೆ ಬೈದು, ಮತ್ತೆ ಡ್ರಮ್ಮಿನೊಳಗೆ ತಲೆ ಹಾಕಿದರು. ದಸರೆ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಫ್ಯಾನು ಹಾಗೇ ಇತ್ತು.

ಫೆಬ್ರವರಿಯಲ್ಲಿ ಗಂಗಾ ಬಿದ್ದಳು. ಗಂಗಾ ಸುಗಲಮ್ಮನ ಪಕ್ಕದ ಗುಡಿಸಲಿನ ಸೊಸೆ, ಇಪ್ಪತ್ತೆರಡರ ಹುಡುಗಿ. ಡ್ರಮ್ಮಿನೊಳಗೆ ಅರ್ಧ ಮೈ ಹಾಕಿ ಉಜ್ಜುತ್ತಿದ್ದವಳ ಬ್ರಷ್ಷಿನ ಸದ್ದು ನಿಂತಿತು. ಪಕ್ಕದಲ್ಲಿದ್ದ ಸುಗಲಮ್ಮ ಕರೆದಳು, ಉತ್ತರವಿಲ್ಲ. ಎರಡೂ ಕಾಲು ಹಿಡಿದು ಎಳೆದಾಗ ಗಂಗಾಳ ತುಟಿ ನೀಲಿಗಟ್ಟಿತ್ತು. ಆಟೋದಲ್ಲಿ ಹಾಕಿಕೊಂಡು ಹೋದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರಿ ಹೋಗುತ್ತಿತ್ತು ಎಂದರು ಡಾಕ್ಟರು. ಮತ್ತೆ ಆ ವಾಸನೆಯ ಹತ್ತಿರ ಸುಳಿಯಬೇಡ ಅಂತಲೂ ಹೇಳಿದರು.

ಸಂಜೆ ಶಿವಪ್ರಕಾಶ ಎಳನೀರು, ಬಿಸ್ಕೀಟು ಹಿಡಿದು ಬಂದ. ಹುಡುಗಿಯ ತಲೆ ನೇವರಿಸಿದ. ಅವನ ಕಣ್ಣಲ್ಲಿ ನೀರೂ ಬಂತಂತೆ. “ಕೂಲಿಯವರ ಕಾಯ್ದೆ ಎಲ್ಲಾ ಮುರುದು ಹಾಕ್ಯಾನವ್ವಾ ಆ ದಿಲ್ಲಿ ರಾಕ್ಷಸ,” ಅಂದ. ಮಂಚದ ಸುತ್ತ ನಿಂತವರೆಲ್ಲ ಸೇರಿ ರಾಕ್ಷಸನಿಗೆ ಬೈದರು. ಎಲ್ಲರಿಗಿಂತ ದೊಡ್ಡ ದನಿ ಸುಗಲಮ್ಮನದೇ. ಫ್ಯಾನಿನ ಮಾತು ಯಾರೂ ಎತ್ತಲಿಲ್ಲ.

ಆ ಭಾನುವಾರ ಸುಗಲಮ್ಮ ನಮ್ಮ ಜಗಲಿಗೆ ಬಂದು ಗೋಡೆಗೆ ಒರಗಿ ಕೂತಳು. “ದಿಲ್ಲಿಗೆ ಒಂದು ಅರ್ಜಿ ಬರೀರಿ ಅಕ್ಕೋರ,” ಅಂದಳು. “ನೀ ಎಷ್ಟರ ಕೆಟ್ಟಾಂವ ಇರು, ನಮ್ಮ ಶೆಡ್ಡಿನ ಮೋಟರ್ ಒಂದು ಬಿಟ್ಟು ಬಿಡು ಅಂತ ಬರೀರಿ. ಹುಡುಗಿ ಸಾಯಾಕತ್ತಿತ್ತು.”

ನನಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡೆ. ಅರ್ಜಿ ಅಂದಮೇಲೆ ಮೋಟರಿನ ವಿವರ ಬೇಕಲ್ಲ, ಕೇಳಿದೆ. ಅವಳು ಗಂಗಾಳ ಫೋನು ತಂದಿದ್ದಳು. ಅರ್ಜಿಗೆ ಬೇಕಾಗುತ್ತದೆಂದು ತೆಗೆಸಿದ್ದ, ಮೋಟರಿಗೆ ಅಂಟಿಸಿದ ತಗಡಿನ ಫೋಟೋ ಅದರಲ್ಲಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ಅರ್ಧ ಅಶ್ವಶಕ್ತಿಯ ಸಾದಾ ಮೋಟರು. ತಯಾರಾದದ್ದು ಹೈದರಾಬಾದಿನಲ್ಲೇ. ಇಂಥವನ್ನು ನಾನು ಸ್ಟೋರ್ಸಿನಲ್ಲಿ ನೂರಾರು ಕಂಡಿದ್ದೇನೆ. ಸುಟ್ಟರೆ ಆಟೋದಲ್ಲಿ ಹಾಕಿ ಬಾಲಾನಗರದ ವೈಂಡಿಂಗ್ ಅಂಗಡಿಗೆ ಕಳಿಸುತ್ತಿದ್ದೆವು. ಅವರು ಹಳೆಯ ತಾಮ್ರದ ತಂತಿ ತೆಗೆದು ಹೊಸದು ಸುತ್ತುತ್ತಾರೆ. ಇವತ್ತು ಕೊಟ್ಟರೆ ನಾಳೆ ಮಧ್ಯಾಹ್ನ ವಾಪಸು.

ಇದನ್ನು ಹೇಳಿದೆ. ಸುಗಲಮ್ಮ ಫೋನು ಇಸಿದುಕೊಂಡು ಆ ಫೋಟೋವನ್ನು ತಾನೇ ನೋಡಿದಳು.

“ಹಂಗಾರ ದಸರಾದಿಂದ ಇಲ್ಲಿತನಕ ನಾ ಬೈದಿದ್ದು ಯಾರಿಗ್ರಿ?” ಅಂದಳು.

“ಪರದೆ ಸಾಹೇಬಗ.”

“ಅವಂಗ ಬೈಯಾಕ ನನ್ನ ಕಡೆ ಬ್ಯಾರೆ ಕಾರಣ ಅದಾವ್ರಿ. ಇದು ಅವಂದಲ್ಲ. ಅವನ ಹೆಸರಿನಾಗ ಈ ಗುತ್ತೇದಾರ ನಮ್ಮನ್ನ ಮಲಗಿಸ್ಯಾನ.”

ನನಗೆ ಮೈಯೆಲ್ಲ ಉರಿಯಿತು. ಶಿವಪ್ರಕಾಶನ ಮೇಲೆ ಅಷ್ಟೇ ಅಲ್ಲ, ನನ್ನ ಮೇಲೂ. ಫ್ಯಾನಿನ ವಿಷಯವನ್ನು ಅವಳು ನನ್ನೆದುರು ಎರಡು ಮೂರು ಸಲ ಹೇಳಿದ್ದಳು. ಮೋಟರುಗಳ ನಡುವೆಯೇ ಜೀವನ ಸವೆಸಿದ ನಾನು, ಯಾವ ಮೋಟರು ಎಂದು ಒಂದು ಮಾತು ಕೇಳಿರಲಿಲ್ಲ. ದಿಲ್ಲಿಯಿಂದಾಗಿ ಕೆಟ್ಟಿತು ಅಂದಾಗ ನಾನೂ ಹೌದೌದು ಅಂದಿದ್ದೆ, ನನಗೂ ಅವನು ಆಗದವನಲ್ಲವೇ. ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ.

ಮರುದಿನ ಸುಗಲಮ್ಮ ಚಹಾದ ಹೊತ್ತಿನಲ್ಲಿ ಎಲ್ಲರೆದುರಿಗೆ ಶಿವಪ್ರಕಾಶನನ್ನು ಕೇಳಿದಳು. “ಗುತ್ತೇದಾರ್ರ, ಮೋಟರ್ ಬಾಲಾನಗರದಾಗ ಸುತ್ತಿ ಕೊಡ್ತಾರಂತಲ್ರೀ?” ಅವನು ಒಂದು ಗಳಿಗೆ ತಡವರಿಸಿ, ಆಮೇಲೆ ನಕ್ಕ. “ಏನ್ ಅಕ್ಕಾ, ಈಗೀಗ ಸಾಹೇಬನ ಪರ ಮಾತಾಡಾಕತ್ತಿ? ಅವನ ಕಡೆಯವರು ಸೀರಿ ಕೊಟ್ಟಾರೇನು?” ಅಂದ. ಶೆಡ್ಡಿನ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಆರು ವರ್ಷ ಗಂಟಲು ಹರಿದುಕೊಂಡವಳನ್ನು ಪರದೆ ಸಾಹೇಬನ ಕಡೆಯವಳು ಅಂದರೆ ಅವಳಿಗೆ ಹೇಗಾಗಿರಬೇಡ! ಅವತ್ತು ಬಸ್ಸಿನಲ್ಲಿ ಅವಳು ಯಾರಿಗೂ ಬೈಯಲಿಲ್ಲ. ಹುಷಾರಿಲ್ಲವೇ ಎಂದು ಕಂಡಕ್ಟರೇ ವಿಚಾರಿಸಿದನಂತೆ.

ಹತ್ತು ದಿನಕ್ಕೆ ಹೋಳಿ ಹುಣ್ಣಿಮೆ ಬಂತು. ನಮ್ಮ ಕಡೆ ಕಾಮನನ್ನು ಸುಡುವಾಗ ಗಂಡಸರು ಬೆಂಕಿಯ ಸುತ್ತ ನಿಂತು, ಆಗದವರ ಹೆಸರು ಕೂಗಿ, ಅಂಗೈ ಬಾಯಿಗೆ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ಯಾರ ಹೆಸರಾದರೂ ಕೂಗಬಹುದು. ಕಾಮನ ಮುಂದೆ ಕೂಗಿದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವಂತಿಲ್ಲ, ಅದು ಕಟ್ಟಳೆ. ಬಸ್ತಿಯಲ್ಲೂ ಪ್ರತಿವರ್ಷ ಇದು ನಡೆಯುತ್ತದೆ. ಕಟ್ಟಿಗೆಯೂ ಹಲಗೆ ಬಾರಿಸುವವರೂ ಶಿವಪ್ರಕಾಶನ ಖರ್ಚಿನಲ್ಲಿ. ಸಂಜೆ ಇನ್ನೂ ಬೆಳಕಿರುವಾಗಲೇ ಬೆಂಕಿ ಹಚ್ಚಿದರು. ನನಗೂ ಒಂದು ಕುರ್ಚಿ ಹಾಕಿದ್ದರು.

ಮೊದಲ ಹೆಸರು ಎಂದಿನಂತೆ ಪರದೆ ಸಾಹೇಬನದು. ಇಡೀ ಬಸ್ತಿ ಹೊಯ್ಕೊಂಡಿತು, ಶಿವಪ್ರಕಾಶನೂ ಬಾಯಿ ಬಡಿದುಕೊಂಡ. ಆಗ ಹೆಂಗಸರ ಗುಂಪಿನಿಂದ ಸುಗಲಮ್ಮ ಎದ್ದು ಗಂಡಸರ ನಡುವೆ ಹೋಗಿ ನಿಂತಳು. ಹೆಂಗಸು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ, ಎಲ್ಲರೂ ಕೇಕೆ ಹಾಕಿದರು. ಸಾಹೇಬನಿಗೆ ಇನ್ನೊಂದು ಸುತ್ತು ಬೀಳುತ್ತದೆ ಎಂದುಕೊಂಡರು. ಅವಳು ಕೈ ಎತ್ತಿ ಕೂಗಿದಳು. “ನಮ್ಮ ಫ್ಯಾನ್ ನುಂಗಿದ ಗುತ್ತೇದಾರ ಶಿವಪ್ರಕಾಶ!”

ಹಲಗೆ ನಿಂತಿತು. ಸುಗಲಮ್ಮ ಒಬ್ಬಳೇ ಬಾಯಿ ಬಡಿದುಕೊಂಡಳು. ಜೊತೆಗೆ ಒಂದು ಕೈಯೂ ಏಳಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ನನ್ನ ಕೈಯೂ ಏಳಲಿಲ್ಲ. ಶಿವಪ್ರಕಾಶ ನಗುತ್ತಲೇ ಇದ್ದ. “ಹೋಳಿ ಅಲ್ಲ, ನಡೀತೈತಿ ನಡೀತೈತಿ,” ಅಂದ.

ಬಣ್ಣದಾಟ ಮುಗಿದು ಕೆಲಸ ಶುರುವಾದ ದಿನ ಅವನು ಗೇಟಿನಲ್ಲಿ ಅವಳನ್ನು ತಡೆದ. “ವಯಸ್ಸಾತು ಸುಗಲಕ್ಕಾ. ಒಂದೀಟು ದಿನ ಆರಾಮ ತಗೋ,” ಅಂದ. ಕಾಮನ ಕಟ್ಟಳೆಯನ್ನು ಹೀಗೆ ಮುರಿದದ್ದು ಬಸ್ತಿಯಲ್ಲಿ ಯಾರಿಗೂ ತಪ್ಪಾಗಿ ಕಾಣಲಿಲ್ಲ. ಬೈಸಿಕೊಂಡವಳು ಸುಗಲಮ್ಮನೇ. ಗಂಗಾಳ ಅತ್ತೆ ಗುರುದೇವಿ ಬಾಗಿಲಿಗೇ ಬಂದು ನಿಂತು ಬೈದಳು. “ದಿಲ್ಲಿಯಾಂವಗ ಬೈಯಾಕ ಯಾರರ ಬ್ಯಾಡ ಅಂದಾರೇನ ನಿನಗ? ಅಷ್ಟು ದೂರದಾಂವನ್ನ ಬಿಟ್ಟು ಉಣ್ಣೋ ತಾಟಿನಾಗ ಯಾಕ ಮಣ್ಣ ಹಾಕ್ತಿ?” ಹುಸೇನಪ್ಪ ಪಾಪದ ಮನುಷ್ಯ. ಹೋಗಿ ಕೈ ಮುಗಿದು ಬಾ, ಕೆಲಸಕ್ಕೆ ತಗೋತಾರ ಅಂದ. ಅವತ್ತು ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಅವಳು ಕೈ ಮುಗಿಯುವುದಿಲ್ಲ ಎಂದು ತಿಳಿದ ಮೇಲೆ ಶಿವಪ್ರಕಾಶ ಇನ್ನೊಂದು ಕೆಲಸ ಮಾಡಿದ. ಸುಗಲಮ್ಮನ ಜಾಗಕ್ಕೆ ಗಂಗಾಳನ್ನು ಕಳಿಸು ಎಂದು ಗುರುದೇವಿಗೆ ಹೇಳಿಕಳಿಸಿದ. ಡಾಕ್ಟರು ಬೇಡ ಅಂದಿದ್ದ ಅದೇ ಶೆಡ್ಡಿಗೆ, ಫ್ಯಾನು ತಿರುಗದ ಗೋಡೆಯ ಪಕ್ಕದ ಅದೇ ಜಾಗಕ್ಕೆ. ಗುರುದೇವಿ ಒಪ್ಪಿದಳು. ಗಂಗಾಳನ್ನು ಯಾರೂ ಕೇಳಲಿಲ್ಲ.

ಅವತ್ತು ಸಂಜೆ ಸುಗಲಮ್ಮ ನನಗೆ ಫೋನು ಮಾಡಿ, “ನಾಳಿ ಎಂಟಕ್ಕ ಗೇಟಿನ ಹತ್ರ ಬರ್ರಿ ಅಕ್ಕೋರ,” ಅಂದಳು. ಅರ್ಜಿ ಬರೆಸುತ್ತಾಳೆ ಎಂದುಕೊಂಡು ಹಾಳೆ, ಪೆನ್ನು ಹಿಡಿದು ಹೋದೆ. ಪೆನ್ನಿನ ಟೋಪಿ ತೆಗೆಯುವ ಪ್ರಸಂಗವೇ ಬರಲಿಲ್ಲ.

ಕೆಲಸಕ್ಕೆ ಬಂದ ಹೆಂಗಸರು ಗೇಟಿನ ಮುಂದೆ ಗುಂಪಾಗಿದ್ದರು. ಗಂಗಾ ಊಟದ ಡಬ್ಬಿ ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಸುಗಲಮ್ಮ ಬಂದವಳೇ ಗೇಟಿಗೆ ಅಡ್ಡವಾಗಿ ಮಣ್ಣಿನಲ್ಲಿ ಕೂತಳು. ತಲೆಗೂದಲು ಬಿಚ್ಚಿದಳು. ಆಮೇಲೆ ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕೂತು, ಅವರ ಗುಣ ಎತ್ತಿ ಎತ್ತಿ ಹಾಡಿ ಅಳುವ ಅಳು ಅದು. ಕೇಳಿದವರ ಕರುಳು ಹಿಂಡುತ್ತದೆ.

“ಏ ನನ್ನ ಗಂಗವ್ವಾ... ಬಳಿ ತುಂಬಿದ ಕೈಲೆ ಬ್ರಷ್ ಹಿಡಿದೆಲ್ಲವ್ವಾ... ಗಾಳಿ ಇಲ್ಲದ ಕ್ವಾಣ್ಯಾಗ ಉಸುರ ಬಿಟ್ಟೆಲ್ಲವ್ವಾ... ಒಂದ ದಿನದ ರಿಪೇರಿಗೆ ನಿನ್ನ ಜೀವಾ ಸಮ ಆತಲ್ಲವ್ವಾ... ಕಾಲ ಹಿಡಿದು ಎಳಿಯಾಕ ನಾನೂ ಒಳಗಿಲ್ಲಲ್ಲವ್ವಾ...”

ತೆಲುಗಿನ ವಾಚ್‌ಮನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಅಯ್ಯೋ ಪಾಪಂ, ಎವರಮ್ಮಾ ಪೋಯಿಂದಿ?” ಎಂದು, ಸತ್ತವರು ಯಾರೆಂದು ಕೇಳಿದ. ಸುಗಲಮ್ಮ ಅಳುತ್ತಲೇ ಗಂಗಾಳ ಕಡೆ ಬೆರಳು ತೋರಿಸಿದಳು. ಡಬ್ಬಿ ಹಿಡಿದು ನಿಂತ ಜೀವಂತ ಹುಡುಗಿಯನ್ನು ನೋಡಿ ಆ ಮನುಷ್ಯ ಮತ್ತೆ ಟೋಪಿ ಹಾಕಿಕೊಂಡ.

ಬದುಕಿದ್ದವರಿಗೆ ಹೀಗೆ ಅಳುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ. ಸೊಸೆಯನ್ನು ಬಿಡಲು ಬಂದಿದ್ದ ಗುರುದೇವಿ ಹುಲಿಯಂತೆ ಮೇಲೆರಗಿದಳು.

“ಜೀವಂತ ಇದ್ದಾಕಿಗೆ ಅಳ್ತಿಯಲ್ಲ, ನಿನ್ನ ನಾಲಿಗಿ ಸೇದಿ ಹೋಗ್ಲಿ! ಮುಚ್ಚು ಬಾಯಿ!”

“ಈಗ ಅತ್ರ ಉಳೀತಾಳ ಗುರುದೇವೆವ್ವಾ,” ಅಂದಳು ಸುಗಲಮ್ಮ. ಕಣ್ಣಲ್ಲಿ ನಿಜವಾದ ನೀರು ಧಾರೆಯಾಗಿತ್ತು. “ಅವತ್ತ ಅಕಿ ತುಟಿ ನೀ ನೋಡಿಲ್ಲ, ನಾ ನೋಡೀನಿ. ಆಮ್ಯಾಲ ಇಬ್ಬರೂ ಕೂಡಿ ಅತ್ರ ಬರ್ತಾಳೇನ? ಅದಕ್ಕ ಇವತ್ತ ಅಳಾಕತ್ತೀನಿ.”

ಹಾಡಿ ಅಳುವವಳನ್ನು ಒಂಟಿಯಾಗಿ ಬಿಟ್ಟು ದಾಟಿ ಹೋಗುವುದು ನಮ್ಮ ಹೆಂಗಸರಿಂದ ಆಗದು. ಅಳು ಕಿವಿಗೆ ಬಿದ್ದರೆ ಶತ್ರುವಾದರೂ ಪಕ್ಕಕ್ಕೆ ಹೋಗಿ ಕೂರಬೇಕು, ಹೆಗಲು ಹಿಡಿಯಬೇಕು, ದನಿ ಸೇರಿಸಬೇಕು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಶರಣಬಸಮ್ಮ ಮೊದಲು ಬಂದು ಕೂತಳು. ಅವಳ ಹಿಂದೆ ಇಬ್ಬರು, ಆಮೇಲೆ ನಾಲ್ವರು. ತನ್ನದೇ ಸಾವಿನ ಹಾಡು ಕೇಳುತ್ತಿದ್ದ ಗಂಗಾ ಡಬ್ಬಿ ಕೆಳಗಿಟ್ಟು ಗಳಗಳನೆ ಅತ್ತಳು. ಅದನ್ನು ನೋಡಿ ಗುರುದೇವಿ ನಿಂತಲ್ಲೇ ಕುಸಿದು ಸೊಸೆಯನ್ನು ತಬ್ಬಿಕೊಂಡಳು. ಆಮೇಲೆ ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳೇ. ಹಾಳೆ, ಪೆನ್ನು ಚೀಲಕ್ಕೆ ಹಾಕಿ ನಾನೂ ಮಣ್ಣಿನಲ್ಲಿ ಕೂತೆ. ಹೋಳಿಯ ದಿನ ಏಳದ ಕೈ ಅವತ್ತು ಎದೆಗೆ ಹೋಯಿತು.

ಡ್ರಮ್ಮು ತುಂಬಿದ ಎರಡು ಲಾರಿಗಳು ಬಂದು ಹಾರ್ನ್ ಹೊಡೆದು ನಿಂತವು. ಪಕ್ಕದ ಶೆಡ್ಡುಗಳ ಗಂಡಸರು ಕೂಡಿದರು. ಅವರಲ್ಲೊಬ್ಬ ಹುರುಪಿನಿಂದ ಪರದೆ ಸಾಹೇಬನಿಗೆ ಧಿಕ್ಕಾರ ಕೂಗಿದ. ಸುಗಲಮ್ಮ ಫಕ್ಕನೆ ಅಳು ನಿಲ್ಲಿಸಿ ಅವನ ಕಡೆ ತಿರುಗಿದಳು. “ಏ, ಸುಮ್ಮನಿರೋ! ಅವಂದು ಬ್ಯಾರೆ ಐತಿ, ಅದು ನನ್ನ ಜಲ್ಮ ಇರೋತನಕ ಐತಿ. ಇವತ್ತ ಫ್ಯಾನಿಂದು!” ಅಂದವಳೇ ಮುಖ ತಿರುಗಿಸಿ, ನಿಲ್ಲಿಸಿದ್ದ ಜಾಗದಿಂದಲೇ ಮತ್ತೆ ಅಳು ಎತ್ತಿಕೊಂಡಳು.

ಒಂಬತ್ತೂವರೆಗೆ ಮಾಲೀಕನ ಕಾರು ಬಂತು. ಒಳಗೆ ಯಾರೋ ಸತ್ತಿದ್ದಾರೆ ಎಂದೇ ಅವನು ತಿಳಿದ, ಕಾರಿನಿಂದ ಇಳಿಯುವಾಗಲೇ ಮುಖ ಬಿಳುಪೇರಿತ್ತು. ಯಾರೂ ಸತ್ತಿಲ್ಲ, ಫ್ಯಾನು ಸುಟ್ಟು ಐದು ತಿಂಗಳಾಗಿದೆ ಎಂದು ನಾನು ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಗಂಗಾ ಫೆಬ್ರವರಿಯಲ್ಲಿ ಬಿದ್ದದ್ದನ್ನೂ ಹೇಳಿದೆ. ಮಾಲೀಕ ಶಿವಪ್ರಕಾಶನನ್ನು ಕರೆಸಿದ. ಫ್ಯಾನಿನ ರಿಪೇರಿ ಗುತ್ತಿಗೆಯಲ್ಲೇ ಸೇರಿತ್ತಂತೆ, ಅಂದರೆ ಮಾಡಿಸಬೇಕಾದವನು ಅವನೇ. ಅವತ್ತು ಅವನ ಬಾಯಿಂದ ದಿಲ್ಲಿಯ ಹೆಸರು ಬರಲಿಲ್ಲ. ಹನ್ನೊಂದಕ್ಕೆ ಮೋಟರು ಆಟೋ ಹತ್ತಿ ಬಾಲಾನಗರದ ದಾರಿ ಹಿಡಿಯಿತು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಫ್ಯಾನು ತಿರುಗಿತು. ಅಲ್ಲಿಯವರೆಗೆ ಒಬ್ಬ ಹೆಂಗಸೂ ಶೆಡ್ಡಿನೊಳಗೆ ಕಾಲಿಡಲಿಲ್ಲ. ಗಂಗಾಳಿಗೆ ಹೊರಗೆ ಬಿಸಿಲಿನಲ್ಲಿ ಡ್ರಮ್ಮುಗಳಿಗೆ ಚೀಟಿ ಅಂಟಿಸುವ ಕೆಲಸ ಸಿಕ್ಕಿತು.

ಪರದೆ ಸಾಹೇಬನಿಗೆ ಇದ್ಯಾವುದೂ ಗೊತ್ತಾಗಿರಲಾರದು. ಆರು ವರ್ಷ ಅವನಿಗೆ ಬೈದದ್ದು ಹಾಗಾದರೆ ದಂಡವೇ ಎಂದು ನಾನು ಆ ಭಾನುವಾರ ಜಗಲಿಯಲ್ಲಿ ಸುಗಲಮ್ಮನನ್ನು ಕೇಳಿದೆ.

“ದಂಡ ಯಾಕ್ರಿ?” ಅಂದಳು, ಚಹಾ ಆರಿಸುತ್ತ. “ಅವಂಗ ಬೈದು ಬೈದು ನನ್ನ ಗಂಟಲ ಗಟ್ಟಿ ಆತು. ಮಂದಿ ಎದುರಿಗೆ ಬಾಯಿ ತಗಿಯೂ ಅಂಜಿಕಿ ಹ್ವಾತು. ಬರೇ ಅವನೊಬ್ಬಂಗ ಬೈಕೋತ ಕುಂತಿದ್ದು ತಪ್ಪಾತು, ಅಷ್ಟ.”

ಆಗಲೇ ಶಿವಪ್ರಕಾಶ ಗೇಟು ತೆರೆದು ಒಳಗೆ ಬಂದ. ಅದೇ ಬಿಳಿ ಅಂಗಿ, ಅದೇ ನಗು. ಕೂರು ಎಂದು ನಾನು ಹೇಳಲಿಲ್ಲ, ಅವನೇ ಮೆಟ್ಟಿಲ ಮೇಲೆ ಕೂತ. ಶೆಡ್ಡಿನಲ್ಲಿ ಈಗ ಕೆಲಸಕ್ಕೆ ಜನ ಸಾಲದು, ಸುಗಲಮ್ಮನಿಲ್ಲದೆ ಉಳಿದ ಹೆಂಗಸರು ಮುಖ ಕೊಟ್ಟು ಮಾತಾಡುತ್ತಿಲ್ಲ ಅಂದ. “ಆಗಿದ್ದು ಆತು ಅಕ್ಕಾ. ನಾಳಿಂದ ಕೆಲಸಕ್ಕ ಬಾ. ದಿಲ್ಲಿಯಾಂವಗ ನೀ ಎಷ್ಟರ ಬೈ, ನನ್ನ ಹೆಸರು ಮಾತ್ರ ಎತ್ತಬ್ಯಾಡ.”

ಸುಗಲಮ್ಮ ಲೋಟ ಕೆಳಗಿಟ್ಟಳು. ಇಷ್ಟು ವರ್ಷ ಗುತ್ತೇದಾರ್ರ, ರೀ ಎಂದು ಮಾತಾಡಿಸುತ್ತಿದ್ದವಳು ಅವತ್ತು ಅವನನ್ನು ಊರಿನ ಹುಡುಗನನ್ನು ಕರೆದಂತೆ ಕರೆದಳು.

“ತಮ್ಮಾ, ಬರ್ತೀನಿ. ಬಂದ ದಿನಾನ ಎಲ್ಲಾರಿಗೂ ಮೂಗಿಗೆ ಕಟ್ಟೋ ಮಾಸ್ಕ್ ಬೇಕು. ಬಟ್ಟಿದಲ್ಲ, ವಾಸನಿ ತಡಿಯುವಂಥಾದು. ಇಲ್ಲಂದ್ರ ಗೇಟಿನ ಮುಂದ ಮತ್ತ ಕುಂದ್ರತೀನಿ. ಈ ಸಲ ಗಂಗಾಗ ಅಳಂಗಿಲ್ಲ. ನಿನ್ನ ಹೆಸರ ಹಿಡಿದು ಅಳ್ತೀನಿ.”

ಶಿವಪ್ರಕಾಶನ ನಗು ಇಳಿದುಹೋಯಿತು. ಗೇಟಿನ ಮುಂದೆ ಹದಿನಾಲ್ಕು ಹೆಂಗಸರು ತಲೆಗೂದಲು ಬಿಚ್ಚಿಕೊಂಡು ಕೂತು ತನ್ನ ಹೆಸರು ಹಿಡಿದು ಅಳುವುದು ಅವನ ಕಣ್ಣ ಮುಂದೆ ಬಂದಿರಬೇಕು. ಅವನ ಕೈ ತಾನಾಗಿ ಕೊರಳಿನ ತಾಯಿತಕ್ಕೆ ಹೋಯಿತು. “ಬ್ಯಾಡವ್ವಾ, ಹಂಗೆಲ್ಲಾ ಅನಬ್ಯಾಡ. ತರಿಸ್ತೀನಿ. ನಾಳಿನ ತರಿಸ್ತೀನಿ,” ಅಂದ. ಎದ್ದು ಹೊರಟವನು, ಮಾತು ಹಗುರ ಮಾಡಲೆಂದೋ ಏನೋ, ಗೇಟಿನ ಹತ್ತಿರ ತಿರುಗಿ ಹಳೆಯ ವರಸೆ ತೆಗೆದ. “ಮಾಸ್ಕಿನ ಮ್ಯಾಲೂ ತೆರಿಗಿ ಏರಿಸ್ಯಾನ ನೋಡಕ್ಕಾ, ನಿನ್ನ ಪರದೆ ಸಾಹೇಬ. ಅವನ ಮನಿ ಹಾಳಾಗ...”

“ನೀ ಬೈಬ್ಯಾಡ!” ಅಂದಳು ಸುಗಲಮ್ಮ. ಪಕ್ಕದ ಮನೆಯವರು ಕಿಟಕಿಗೆ ಬಂದು ನೋಡುವಷ್ಟು ಜೋರಾಗಿ ಅಂದಳು. “ಅವಂಗ ಬೈಯಾಕ ನಾ ಅದೀನಿ. ನೀ ನನ್ನ ಕೂಡ ದನಿ ಹಚ್ಚಿದಾಗಿಂದನ ನನ್ನ ಬೈಗುಳ ಕೆಟ್ಟಿದ್ದು.”